ಮೇಯರ್ ಯಾರಾಗಬೇಕು, ಸ್ವಾಮಿ?

ಕಡಲೆಕಾಯಿ ಪರಿಷೆ ಮುಗಿದ ಮೇಲೂ ಬಸವನಗುಡಿಯ ಸುತ್ತಮುತ್ತ ನಾಲ್ಕಾರು ದಿನ ಕಾಲಿಗೆ ಸಿಪ್ಪೆ ಸಿಗುತ್ತಲೇ ಇರುತ್ತದೆ. 2025ರ ನವೆಂಬರ್‌ನಲ್ಲಿ ಆ ಸಿಪ್ಪೆಯ ಜೊತೆಗೆ ಇನ್ನೊಂದು ವಸ್ತುವೂ ಅಲ್ಲಿನ ಬೀದಿಗಳಲ್ಲಿ ಧಾರಾಳವಾಗಿ ಸಿಗುತ್ತಿತ್ತು. ಅದು ಅಭಿಪ್ರಾಯ. ಹನುಮಂತನಗರದ ಕಾಫಿ ಅಂಗಡಿಯ ಮುಂದೆ, ರಾಮಾಂಜನೇಯ ಗುಡ್ಡದ ಮೆಟ್ಟಿಲ ಮೇಲೆ, ಇಸ್ತ್ರಿ ಅಂಗಡಿಯ ನೆರಳಲ್ಲಿ, ಎಲ್ಲೆಲ್ಲೂ ಒಂದೇ ಪ್ರಶ್ನೆ: ಮೇಯರ್ ಯಾರಾಗಬೇಕು? ಅಲ್ಲ, ಮೊದಲು ಈ ಚುನಾವಣೆ ನಡೆಯುತ್ತದೋ ಇಲ್ಲವೋ?

ಎರಡನೆಯ ಪ್ರಶ್ನೆಯಲ್ಲಿ ಕೊಂಕು ಇದ್ದರೆ ಅದಕ್ಕೆ ಕಾರಣವೂ ಇತ್ತು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ರಂದು. ಆಮೇಲೆ ಆ ಕುರ್ಚಿಗಳಲ್ಲಿ ಯಾರೂ ಕೂರಲಿಲ್ಲ. ಅಧಿಕಾರ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಕೂರುವವರು ಇಲ್ಲದಿದ್ದರೂ ಕುರ್ಚಿಗಳ ಲೆಕ್ಕ ಮಾತ್ರ ಬದಲಾಗುತ್ತಲೇ ಇತ್ತು. 198 ವಾರ್ಡುಗಳಿದ್ದದ್ದು 243 ಆಯಿತು, 243 ಇದ್ದದ್ದು 225 ಆಯಿತು. ಕೊನೆಗೆ 2025ರ ಮೇ 15ರಂದು ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂದು, ಅದೇ ವರ್ಷದ ಸೆಪ್ಟೆಂಬರ್ 2ರಂದು ಒಂದು ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳು ಹುಟ್ಟಿಕೊಂಡವು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಐದಕ್ಕೂ ಸೇರಿ 369 ವಾರ್ಡುಗಳು. ಐದು ಪಾಲಿಕೆ ಎಂದ ಮೇಲೆ ಐವರು ಮೇಯರ್. ಒಬ್ಬರೂ ಇಲ್ಲದ ಊರಿಗೆ ಒಮ್ಮೆಗೇ ಐವರು ಬರುತ್ತಾರೆಂದರೆ ಜನ ಮಾತನಾಡದೆ ಇರುವುದಾದರೂ ಹೇಗೆ?

ಬಸವನಗುಡಿಯವರಿಗೆ ಇದರಲ್ಲಿ ಇನ್ನೊಂದು ವಿಸ್ಮಯ ಕಾದಿತ್ತು. ತಲೆತಲಾಂತರದಿಂದ ದಕ್ಷಿಣ ಬೆಂಗಳೂರಿನವರೆಂದು ಹೇಳಿಕೊಂಡು, ಆ ಹೆಸರಿನ ಮೇಲೆ ಸ್ವಲ್ಪ ಜಂಬವನ್ನೂ ಇಟ್ಟುಕೊಂಡಿದ್ದವರು ರಾತ್ರಿ ಬೆಳಗಾಗುವುದರೊಳಗೆ ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿಬಿಟ್ಟರು. ಮನೆಯ ವಾಸ್ತುವಿಗೆ ದಿಕ್ಸೂಚಿ ಇಟ್ಟು ನೋಡಿದ ಹಿರಿಯರೊಬ್ಬರು, "ನಮ್ಮ ಮನೆ ಬಾಗಿಲು ಪೂರ್ವಕ್ಕೇ ಇದೆ, ಊರು ಮಾತ್ರ ಪಶ್ಚಿಮಕ್ಕೆ ತಿರುಗಿಕೊಂಡಿದೆ" ಎಂದು ನಕ್ಕರು. ದಿಕ್ಕು ಎನ್ನುವುದು ಎಲ್ಲಿ ನಿಂತು ನೋಡುತ್ತೀರಿ ಎಂಬುದರ ಮೇಲೆ ನಿಂತಿದೆ ಎಂದು ಆರನೆಯ ತರಗತಿಯ ಮಕ್ಕಳಿಗೂ ಗೊತ್ತು. ಆಡಳಿತಕ್ಕೂ ಅದೇ ನಿಯಮ ಅನ್ವಯಿಸುತ್ತದೆಂದು ದೊಡ್ಡವರಿಗೆ ಈಗ ಗೊತ್ತಾಯಿತು.

ಇಂಥ ದಿನಗಳಲ್ಲಿ ಆ ಬಡಾವಣೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೈಯಲ್ಲಿ ಉದ್ದನೆಯ ನೋಟ್ ಪುಸ್ತಕ ಹಿಡಿದು ಬೀದಿಗಿಳಿದಳು. ಸಮಾಜ ವಿಜ್ಞಾನದ ಪ್ರಾಜೆಕ್ಟ್ ಕೆಲಸ. ತನ್ನ ಬೀದಿಯವರನ್ನು ಎರಡು ಪ್ರಶ್ನೆ ಕೇಳಬೇಕು. ಮೇಯರ್ ಎಂಥವರಾಗಿರಬೇಕು? ಅವರು ಬಂದ ಮೇಲೆ ಮೊದಲು ಮಾಡಬೇಕಾದ ಕೆಲಸ ಯಾವುದು? ಹುಡುಗಿಯ ತಾಯಿ, "ಪರೀಕ್ಷೆ ಹತ್ತಿರ ಬಂತು, ಇಂಟರ್‌ನೆಟ್‌ನಿಂದ ಏನಾದರೂ ಇಳಿಸಿ ಅಂಟಿಸು" ಎಂದರಂತೆ. ಇಂಟರ್‌ನೆಟ್‌ನಲ್ಲಿ ತಮ್ಮ ಬೀದಿಯ ಹೂವಿನಜ್ಜಿ ಸಿಗುವುದಿಲ್ಲವಲ್ಲ ಎಂದು ಹುಡುಗಿ ಹೊರಟೇಬಿಟ್ಟಳು. ಆ ಮಾತಿಗೆ ತಾಯಿಯ ಬಳಿ ಉತ್ತರವಿರಲಿಲ್ಲ.

ಮೊದಲು ಸಿಕ್ಕವರು ಪಾರ್ಕಿನ ಬೆಂಚಿನ ಮೇಲೆ ಕುಳಿತಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿ. ಅವರ ಉತ್ತರ ಸಿದ್ಧವಾಗಿಯೇ ಇತ್ತು. "ಓದಿದವರು ಬರಬೇಕಮ್ಮ. ಇಂಜಿನಿಯರೋ ಡಾಕ್ಟರೋ ಆಗಿರಬೇಕು. ಬಂದ ತಕ್ಷಣ ಕಾವೇರಿ ನೀರು ದಿನಾ ಬಿಡಿಸಬೇಕು. ಬರ್ಕೋ, ಕಾವೇರಿ ನೀರು." ಹುಡುಗಿ ಬರೆದುಕೊಂಡಳು.

ಪಕ್ಕದಲ್ಲಿದ್ದ ಅವರ ವಾಕಿಂಗ್ ಗೆಳೆಯರು ಅದನ್ನು ಒಪ್ಪಲಿಲ್ಲ. ಓದಿದವರ ಕಡೆಯಿಂದಲೇ ಈ ಊರು ಹೀಗಾಗಿರುವುದು, ಬೀದಿಯಲ್ಲಿ ಬೆಳೆದವರು ಬರಬೇಕು, ಮೊದಲು ಕರೆಂಟು ಹೋಗುವುದನ್ನು ನಿಲ್ಲಿಸಬೇಕು ಎಂಬುದು ಅವರ ವಾದ. ಇಬ್ಬರ ಚರ್ಚೆ ಎಷ್ಟು ಬಿರುಸಾಯಿತೆಂದರೆ ಪ್ರಶ್ನೆ ಕೇಳಿದ ಹುಡುಗಿ ಎದ್ದು ಹೋದದ್ದೂ ಅವರಿಗೆ ತಿಳಿಯಲಿಲ್ಲ.

ಆಟೋ ಸ್ಟ್ಯಾಂಡಿನಲ್ಲಿ ಉತ್ತರ ಇನ್ನೂ ಚುಟುಕು. "ಗುಂಡಿ ಮುಚ್ಚಬೇಕು ಪುಟ್ಟಾ. ಮೇಯರ್‌ನ ನಮ್ಮ ಆಟೋದಲ್ಲಿ ಕೂರಿಸಿ ಒಂದು ರೌಂಡ್ ಹಾಕಿಸ್ತೀನಿ, ಬಾಡಿಗೆ ಬೇಡ." ದರ್ಶಿನಿಯ ಮಾಲೀಕರಿಗೆ ಲೈಸೆನ್ಸಿಗೆ ಅಲೆದಾಡುವುದು ತಪ್ಪಬೇಕು. ಪಿಯುಸಿ ಓದುವ ಹುಡುಗರ ಗುಂಪಿಗೆ ಹೆಚ್ಚು ಬಸ್ಸು ಬೇಕು, ಅದೂ ಬೆಳಿಗ್ಗೆ ಏಳೂವರೆಯಿಂದ ಎಂಟೂವರೆಯೊಳಗೆ. ಬೀದಿ ಗುಡಿಸುವ ಪೌರಕಾರ್ಮಿಕ ಮಹಿಳೆ ಪೊರಕೆಯನ್ನು ಗೋಡೆಗೆ ಒರಗಿಸಿಟ್ಟು, ಮೊದಲು ಅತ್ತಿತ್ತ ನೋಡಿ, ಆಮೇಲೆ ಹೇಳಿದರು: "ಬೆಳಿಗ್ಗೆ ಆರು ಗಂಟೆಗೆ ಬರ್ತೀವಿ ಕಣಮ್ಮ. ನಮಗೆ ಕಾಲ್ಮಡಿಯೋಕೆ ಒಂದು ಜಾಗ ಇಲ್ಲ. ಅದೊಂದು ಬರಿ." ಹುಡುಗಿಯ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆ ಬೀದಿಯಲ್ಲಿ ದಿನವೂ ಓಡಾಡುವ ಅವಳಿಗೆ ಅದು ಈವರೆಗೆ ಹೊಳೆದಿರಲಿಲ್ಲ.

ಗುಡಿಯ ಮುಂದೆ ಹೂ ಕಟ್ಟುತ್ತಿದ್ದ ಅಜ್ಜಿ ಪ್ರಶ್ನೆಯನ್ನು ಎರಡು ಸಲ ಕೇಳಿಸಿಕೊಂಡಳು. ಮೇಯರ್ ಎಂಥವರಾಗಿರಬೇಕು ಎಂಬುದು ಅವಳಿಗೆ ದೊಡ್ಡ ವಿಷಯ ಎನಿಸಲಿಲ್ಲ. "ಯಾರಾದ್ರೂ ಆಗ್ಲಿ ಕಣವ್ವ. ಅವರು ಎಲ್ಲಿರ್ತಾರೋ ನಾನೆಲ್ಲಿರ್ತೀನೋ! ನಮ್ಮ ಬೀದೀಲಿ ನಿಲ್ಲಿಸಿ ಬೈಯೋಕೆ ಒಬ್ಬರು ಬೇಕು. ಮೊದಲು ಇದ್ರು. ಈಗ ಐದು ವರ್ಷದಿಂದ ಯಾರೂ ಇಲ್ಲ."

ನೋಟ್ ಪುಸ್ತಕದಲ್ಲಿ ಈ ಉತ್ತರವನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ಹುಡುಗಿಗೆ ತೋಚಲಿಲ್ಲ. ಕೊನೆಯ ಪುಟದಲ್ಲಿ ಬೇರೆಯಾಗಿ ಬರೆದಳು.

ಮನೆಗೆ ಬಂದು ಉತ್ತರಗಳನ್ನು ಒಂದು ಪಟ್ಟಿ ಮಾಡಿದಾಗ ಅಪ್ಪ ಇನ್ನೊಂದು ಕಾಲಂ ಎಳೆಯಲು ಹೇಳಿದರು: "ಇದು ಯಾರ ಕೆಲಸ?" ಆ ಒಂದು ಗೆರೆಯಿಂದ ಇಡೀ ಪಟ್ಟಿಯ ಬಣ್ಣವೇ ಬದಲಾಯಿತು. ಕಾವೇರಿ ನೀರು ಮೇಯರ್ ಕೈಯಲ್ಲಿಲ್ಲ. ಅದು 1964ರಲ್ಲಿ ಸ್ಥಾಪನೆಯಾದ ಜಲಮಂಡಳಿಯ ಕೆಲಸ. 2024ರ ಅಕ್ಟೋಬರ್‌ನಲ್ಲಿ ಚಾಲನೆ ಪಡೆದ, ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ ಐದನೆಯ ಹಂತವೂ ಆ ಮಂಡಳಿಯದೇ. ಕರೆಂಟು 2002ರಿಂದ ಬೆಸ್ಕಾಂಗೆ ಸೇರಿದ್ದು. ಬಸ್ಸು 1997ರಲ್ಲಿ ಹುಟ್ಟಿದ ಬಿಎಂಟಿಸಿಯದು. ಹೊಸ ಬಡಾವಣೆಗಳನ್ನು ಮಾಡುವುದು 1976ರಲ್ಲಿ ಬಂದ ಬಿಡಿಎ. ಟ್ರಾಫಿಕ್ ಪೊಲೀಸರು ಪೊಲೀಸ್ ಇಲಾಖೆಯವರು. ಸರ್ಕಾರಿ ಶಾಲೆ ಶಿಕ್ಷಣ ಇಲಾಖೆಯದು. ಪಾಲಿಕೆಯದೇ ಎಂದು ಎಲ್ಲರೂ ಕಣ್ಣುಮುಚ್ಚಿ ಹೇಳುವ ಕಸ ವಿಲೇವಾರಿಗೂ ಈಚಿನ ವರ್ಷಗಳಲ್ಲಿ ಬೇರೆಯೇ ಒಂದು ಕಂಪನಿ ಇದೆ.

ಹಾಗಾದರೆ ಪಾಲಿಕೆಗೆ ಉಳಿದದ್ದೇನು? ಕಡಿಮೆಯೇನಲ್ಲ. ಬಡಾವಣೆಯೊಳಗಿನ ರಸ್ತೆ, ಫುಟ್‌ಪಾತ್, ಮಳೆನೀರಿನ ಚರಂಡಿ, ಬೀದಿ ದೀಪ, ಪಾರ್ಕು, ಸೊಳ್ಳೆ ನಿಯಂತ್ರಣ, ಅಂಗಡಿಗಳ ಲೈಸೆನ್ಸು, ಆಸ್ತಿ ತೆರಿಗೆ. ಮನುಷ್ಯ ಹೊಸ್ತಿಲು ದಾಟಿ ಮೊದಲ ಹೆಜ್ಜೆ ಇಡುವ ಜಾಗವೆಲ್ಲ ಹೆಚ್ಚು ಕಡಿಮೆ ಪಾಲಿಕೆಯದೇ. ಬ್ಯಾಂಕ್ ಅಧಿಕಾರಿಗಳ ದೊಡ್ಡ ಬೇಡಿಕೆ ಮೇಯರ್ ವ್ಯಾಪ್ತಿಗೆ ಹೊರಗಾಯಿತು. ಪೌರಕಾರ್ಮಿಕ ಮಹಿಳೆ ಹಿಂಜರಿಯುತ್ತ ಕೇಳಿದ ಸಣ್ಣ ಬೇಡಿಕೆ ವ್ಯಾಪ್ತಿಯ ಒಳಗೇ ಇತ್ತು.

ಆ ಪಟ್ಟಿಯಲ್ಲಿದ್ದ ಇನ್ನೊಂದು ಬೇಡಿಕೆ ಎರಡನೆಯ ತರಗತಿಯ ಹುಡುಗನೊಬ್ಬನ ತಾಯಿಯದು. ಶಾಲೆಯ ಗೇಟಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಚರಂಡಿಯ ಮೇಲಿನ ಕಲ್ಲುಚಪ್ಪಡಿ ಮುರಿದಿದೆ. ಬಿಸಿಲಿನ ದಿನ ಅದು ಎಲ್ಲರಿಗೂ ಕಾಣುತ್ತದೆ, ಮಕ್ಕಳು ಅದನ್ನು ಹಾರಿ ಆಟವಾಡುತ್ತಾರೆ. ಜೋರು ಮಳೆ ಬಂದ ಸಂಜೆ ರಸ್ತೆಯೂ ಚರಂಡಿಯೂ ಒಂದೇ ಮಟ್ಟಕ್ಕೆ ಬಂದು, ಎಲ್ಲಿ ನೆಲವಿದೆ, ಎಲ್ಲಿ ಗುಂಡಿಯಿದೆ ಎಂದು ತಿಳಿಯುವುದಿಲ್ಲ. ಆ ತಾಯಿ ಅಂಥ ಸಂಜೆ ಮೂರೂವರೆಗೇ ಬಂದು ಆ ಕಲ್ಲಿನ ಪಕ್ಕ ನಿಂತುಬಿಡುತ್ತಾರೆ. ತಮ್ಮ ಮಗನಿಗಾಗಿ ಬಂದವರು ಬೇರೆ ಮಕ್ಕಳ ಕೈಯನ್ನೂ ಹಿಡಿದು ದಾಟಿಸುತ್ತಾರೆ. ಫೋನಿನಲ್ಲಿ ದೂರು ಕೊಟ್ಟಿದ್ದಾರೆ, ದೂರಿನ ಸಂಖ್ಯೆಯೂ ಬಂದಿದೆ. ಆದರೆ ಆ ಸಂಖ್ಯೆಯನ್ನು ಬೀದಿಯಲ್ಲಿ ತಡೆದು ನಿಲ್ಲಿಸಿ "ಏನಾಯ್ತು ಸ್ವಾಮಿ?" ಎಂದು ಕೇಳುವಂತಿಲ್ಲ.

ಇಲ್ಲಿ ಮಕ್ಕಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಇನ್ನೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಒಂದು ಬೀದಿ ಇದೆ ಎನ್ನಿ. ಅದರ ವಿಸ್ತೀರ್ಣ ಎರಡು ಸಾವಿರ ಚದರ ಮೀಟರ್. ಒಂದು ಸಂಜೆಗೆ ಐವತ್ತು ಮಿಲಿಮೀಟರ್ ಮಳೆ ಬಿದ್ದರೆ ಆ ಬೀದಿಯ ಮೇಲೆ ಬಿದ್ದ ನೀರು ನೂರು ಘನ ಮೀಟರ್, ಅಂದರೆ ಒಂದು ಲಕ್ಷ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ ಹದಿನಾರು ಟ್ಯಾಂಕರ್ ತುಂಬಿ ಮಿಗುತ್ತದೆ. ಅಕ್ಕಪಕ್ಕದ ಮನೆಗಳ ತಾರಸಿಯಿಂದ ಇಳಿಯುವ ನೀರು ಈ ಲೆಕ್ಕಕ್ಕೆ ಸೇರಿಲ್ಲ. ಇಷ್ಟೂ ನೀರು ಒಂದು ಗೇಣು ಚರಂಡಿಯಲ್ಲಿ ಹೋಗಬೇಕು. ಆ ಚರಂಡಿಯಲ್ಲಿ ಪ್ಲಾಸ್ಟಿಕ್ ಚೀಲವೂ ಒಡೆದ ಇಟ್ಟಿಗೆಯೂ ಕುಳಿತಿದ್ದರೆ ನೀರಿಗೆ ಬೇರೆ ದಾರಿ ಇಲ್ಲ, ಬೀದಿಗೇ ಬರಬೇಕು. ನೀರು ಯಾವ ಪಕ್ಷಕ್ಕೂ ಸೇರಿದ್ದಲ್ಲ. ಇಳಿಜಾರು ಎತ್ತ ಇದೆಯೋ ಅತ್ತ ಹೋಗುತ್ತದೆ. ಮಳೆಗಾಲಕ್ಕೆ ಮೊದಲೇ ಆ ಚರಂಡಿಯ ಹೂಳು ತೆಗೆಸಿದ್ದಾರೆಯೇ, ಮುರಿದ ಚಪ್ಪಡಿ ಬದಲಾಯಿಸಿದ್ದಾರೆಯೇ ಎಂದು ನೋಡಲು ವಾರ್ಡಿನಲ್ಲಿ ಯಾರಾದರೂ ಇರಬೇಕು. ಹೂವಿನಜ್ಜಿ ಹೇಳಿದ "ಬೈಯೋಕೆ ಒಬ್ಬರು" ಎಂಬ ಮಾತಿನ ತೂಕ ಇರುವುದು ಇಲ್ಲಿ.

ಇಷ್ಟೆಲ್ಲ ಅಭಿಪ್ರಾಯ ಸಂಗ್ರಹಿಸಿದ ಮೇಲೆ ಹುಡುಗಿ ಕೇಳಿದ ಪ್ರಶ್ನೆ ಮನೆಯವರನ್ನೆಲ್ಲ ಪೇಚಿಗೆ ಸಿಕ್ಕಿಸಿತು. "ಮತ ಹಾಕೋ ದಿನ ಮೇಯರ್ ಹೆಸರು ಮೆಷಿನ್‌ನಲ್ಲಿ ಎಲ್ಲಿರುತ್ತೆ ಅಪ್ಪಾ?" ಎಲ್ಲಿಯೂ ಇರುವುದಿಲ್ಲ! ಕರ್ನಾಟಕದ ಮತದಾರ ಆರಿಸುವುದು ತನ್ನ ವಾರ್ಡಿನ ಕಾರ್ಪೊರೇಟರನ್ನು. ಆ ಕಾರ್ಪೊರೇಟರುಗಳು ಸೇರಿ ತಮ್ಮಲ್ಲೊಬ್ಬರನ್ನು ಮೇಯರ್ ಮಾಡುತ್ತಾರೆ. ಹಿಂದಿನ ಬಿಬಿಎಂಪಿಯಲ್ಲಿ ಅವರ ಜೊತೆಗೆ ನಗರದ ಶಾಸಕರು, ವಿಧಾನ ಪರಿಷತ್ ಸದಸ್ಯರು, ಸಂಸದರೂ ಸಭೆಯಲ್ಲಿ ಕೈ ಎತ್ತುತ್ತಿದ್ದರು. ಸಾಲದ್ದಕ್ಕೆ, ಮೇಯರ್ ಸ್ಥಾನ ಸರದಿಯಂತೆ ಬೇರೆ ಬೇರೆ ವರ್ಗಗಳಿಗೆ, ಮಹಿಳೆಯರಿಗೆ ಮೀಸಲಾಗುತ್ತದೆ. ಕಾಫಿ ಅಂಗಡಿಯ ಮುಂದೆ ಗಂಟೆಗಟ್ಟಲೆ ವಾದಿಸಿ ಗೆಲ್ಲಿಸಿದ ಮೇಯರ್, ಆ ಸರದಿಯಲ್ಲಿ ಸ್ಪರ್ಧೆಗೆ ನಿಲ್ಲಲೂ ಬಾರದವರಾಗಿರಬಹುದು.

2015ರ ಆಗಸ್ಟ್‌ನಲ್ಲಿ ನಡೆದದ್ದನ್ನು ಹಿರಿಯರು ಮರೆತಿರಲಾರರು. 198 ವಾರ್ಡುಗಳಲ್ಲಿ ಬಿಜೆಪಿ ನೂರನ್ನು ಗೆದ್ದಿತು. ಅರ್ಧಕ್ಕಿಂತ ಒಂದು ಹೆಚ್ಚು. ಪಟಾಕಿಯೂ ಸಿಡಿಯಿತು. ಆದರೆ ಮೇಯರ್ ಆದವರು ಕಾಂಗ್ರೆಸ್ಸಿನವರು. ಕಾಂಗ್ರೆಸ್, ಜೆಡಿಎಸ್, ಪಕ್ಷೇತರರು ಒಂದಾದರು. ಶಾಸಕರು ಸಂಸದರ ಮತಗಳೂ ಸೇರಿದವು. ಸಭೆಯ ಮತದಾರರ ಸಂಖ್ಯೆ 260ರ ಆಸುಪಾಸಿಗೆ ಏರಿದಾಗ ನೂರು ಎಂಬುದು ಬಹುಮತವಾಗಿ ಉಳಿಯಲಿಲ್ಲ. ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದೇನೂ ಇರಲಿಲ್ಲ. ಗಣಿತಕ್ಕೂ ವಿರುದ್ಧವಾಗಿರಲಿಲ್ಲ. ಬೀದಿಯ ಅಭಿಪ್ರಾಯಕ್ಕೂ ಮೇಯರ್ ಕುರ್ಚಿಗೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಮಾತ್ರ ಅದು ತೋರಿಸಿತು.

ಹತ್ತನೆಯ ತರಗತಿಯ ವಿದ್ಯುಚ್ಛಕ್ತಿ ಪಾಠ ಓದಿದ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಒಂದರ ಮೂಲಕವೇ ಇನ್ನೊಂದಕ್ಕೆ ವಿದ್ಯುತ್ ಹೋಗಬೇಕು. ನಡುವೆ ಒಂದು ಸುಟ್ಟುಹೋದರೆ ಸಾಲಿಗೆ ಸಾಲೇ ಕತ್ತಲು. ಮತದಾರ, ಕಾರ್ಪೊರೇಟರ್, ಮೇಯರ್, ಆಮೇಲೆ ಸರ್ಕಾರ ನೇಮಿಸುವ ಆಯುಕ್ತರು: ಪಾಲಿಕೆಯ ಜೋಡಣೆ ಹೀಗೆ ಸರಣಿಯಲ್ಲಿದೆ. ದಿನನಿತ್ಯದ ಆಡಳಿತ ನಡೆಸುವ ಅಧಿಕಾರ ಆಯುಕ್ತರಲ್ಲಿದೆ, ಮೇಯರ್ ಸಭೆ ನಡೆಸುತ್ತಾರೆ. 2020ರಿಂದ ಈ ಸಾಲಿನಲ್ಲಿ ಕಾರ್ಪೊರೇಟರ್ ಎಂಬ ಬಲ್ಬನ್ನೇ ಕಳಚಿ ಇಟ್ಟಿದ್ದರು. ಒಂದು ತುದಿಯಲ್ಲಿ ಮತದಾರ ಇದ್ದಾನೆ, ಇನ್ನೊಂದು ತುದಿಯಲ್ಲಿ ಅಧಿಕಾರಿಗಳಿದ್ದಾರೆ, ನಡುವೆ ತಂತಿ ಇಲ್ಲ.

ಅವಧಿಯ ವಿಷಯವೂ ಇದೆ. 2010ರಿಂದ 2020ರವರೆಗೆ ಹತ್ತು ವರ್ಷಗಳಲ್ಲಿ ಬೆಂಗಳೂರು ಹತ್ತು ಮೇಯರುಗಳನ್ನು ಕಂಡಿತು. ಅವರಲ್ಲಿ ನಾಲ್ವರು ಮಹಿಳೆಯರು. ಆಗ ಮೇಯರ್ ಅವಧಿ ಒಂದೇ ವರ್ಷ. ಮೊದಲ ಮೂರು ತಿಂಗಳು ಹಾರ ತುರಾಯಿ, ಮುಂದಿನ ಮೂರು ತಿಂಗಳು ಕಡತಗಳ ಪರಿಚಯ, ಬಜೆಟ್ ಮುಗಿದು ಕೆಲಸ ಹಿಡಿಯುವ ಹೊತ್ತಿಗೆ ಮುಂದಿನವರ ಹೆಸರು ಪತ್ರಿಕೆಯಲ್ಲಿ! ಒಂದು ತರಗತಿಗೆ ತಿಂಗಳಿಗೊಬ್ಬ ಗಣಿತದ ಮೇಷ್ಟ್ರು ಬಂದರೆ ಮಕ್ಕಳ ಗತಿ ಏನಾಗುತ್ತದೋ ಅದೇ ಗತಿ. ಹೊಸ ಕಾಯ್ದೆ ಈ ಅವಧಿಯನ್ನು ಮೂವತ್ತು ತಿಂಗಳಿಗೆ ಏರಿಸಿದೆ. ಅಷ್ಟರಮಟ್ಟಿಗೆ ಒಳ್ಳೆಯದು. ಐದೂ ಪಾಲಿಕೆಗಳ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಪ್ರಾಧಿಕಾರವೊಂದು ಕುಳಿತಿರುವುದರಿಂದ ಮೇಯರ್ ಕೈಗೆ ಎಷ್ಟು ಅಧಿಕಾರ ಉಳಿಯುತ್ತದೆ ಎಂಬುದು ಪಾರ್ಕಿನ ಬೆಂಚಿನ ಚರ್ಚೆಗೆ ಒಳ್ಳೆಯ ವಿಷಯ.

"ಹಾಗಾದರೆ ಮೇಯರನ್ನು ನಾವೇ ನೇರವಾಗಿ ಆರಿಸಿಬಿಡೋಣ" ಎಂದರು ದರ್ಶಿನಿಯ ಮಾಲೀಕರು. ಇದು ಬಹಳ ಜನರ ಮನಸ್ಸಿನ ಮಾತು. ಉತ್ತರ ಪ್ರದೇಶ, ಉತ್ತರಾಖಂಡಗಳಲ್ಲಿ ಮತದಾರರು ಮೇಯರನ್ನು ನೇರವಾಗಿ ಆರಿಸುತ್ತಾರೆ. ಚೆನ್ನೈಯಲ್ಲಿ 1996ರಲ್ಲಿ ಎಂ.ಕೆ. ಸ್ಟಾಲಿನ್ ಅವರು ಮೇಯರ್ ಆದದ್ದು ಜನರ ನೇರ ಮತದಿಂದ. ಲಂಡನ್ ಮಹಾನಗರದಲ್ಲಿ 2000ದಿಂದ ಇದೇ ಪದ್ಧತಿ. ಆದರೆ ಈ ಔಷಧಿಗೂ ಅಡ್ಡ ಪರಿಣಾಮಗಳಿವೆ. 2012ರಲ್ಲಿ ಶಿಮ್ಲಾದ ಜನ ಸಿಪಿಐ(ಎಂ) ಪಕ್ಷದ ಅಭ್ಯರ್ಥಿಯನ್ನು ನೇರವಾಗಿ ಮೇಯರ್ ಮಾಡಿದರು. ಅದೇ ಜನ ವಾರ್ಡುಗಳಲ್ಲಿ ಆರಿಸಿದ್ದು ಹೆಚ್ಚಾಗಿ ಬೇರೆ ಪಕ್ಷಗಳವರನ್ನು. ಇಂಥ ಕಡೆ ಮೇಯರ್ ಒಂದು ದಿಕ್ಕಿಗೆ, ಸಭೆ ಇನ್ನೊಂದು ದಿಕ್ಕಿಗೆ ಎಳೆದರೆ ಬಂಡಿ ಮುಂದೆ ಹೋಗುವುದು ಕಷ್ಟ. ಚುನಾವಣೆಯ ವಿಧಾನ ಯಾವುದೇ ಇರಲಿ, ವಾರ್ಡಿನ ಪ್ರತಿನಿಧಿ ಎಂಥವರು ಎಂಬ ಪ್ರಶ್ನೆಯಿಂದ ಮತದಾರನಿಗೆ ಬಿಡುಗಡೆ ಇಲ್ಲ.

ಹುಡುಗಿಯ ಪಟ್ಟಿಯಲ್ಲಿ ಕೊನೆಗೆ ಸೇರಿದವನು ಮೇಲಿನ ಮನೆಯ ಇಪ್ಪತ್ತೇಳು ವರ್ಷದ ತರುಣ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. "ನೀವು ಕಾರ್ಪೊರೇಷನ್ ಎಲೆಕ್ಷನ್‌ಗೆ ಯಾವಾಗ ಓಟ್ ಹಾಕಿದ್ರಿ ಅಣ್ಣಾ?" ಎಂದಾಗ ಅವನು ಯೋಚಿಸಿ, ಬೆರಳು ಮಡಿಸಿ, ಆಮೇಲೆ ನಕ್ಕುಬಿಟ್ಟ. 2018 ಮತ್ತು 2023ರಲ್ಲಿ ವಿಧಾನಸಭೆಗೆ ಹಾಕಿದ್ದಾನೆ. 2019, 2024ರಲ್ಲಿ ಲೋಕಸಭೆಗೂ ಹಾಕಿದ್ದಾನೆ. ಪಾಲಿಕೆಗೆ ಒಮ್ಮೆಯೂ ಇಲ್ಲ. 2015ರ ಆಗಸ್ಟ್‌ನಲ್ಲಿ ಅವನಿಗೆ ಹದಿನೇಳು. ದೆಹಲಿಗೂ ವಿಧಾನಸೌಧಕ್ಕೂ ಎರಡೆರಡು ಸಲ ಪ್ರತಿನಿಧಿಗಳನ್ನು ಕಳಿಸಿದ ಮತದಾರನಿಗೆ ತನ್ನ ಮನೆಯ ಮುಂದಿನ ಚರಂಡಿಗೆ ಒಬ್ಬರನ್ನು ಕಳಿಸುವ ಅವಕಾಶ ಹತ್ತು ವರ್ಷ ಸಿಕ್ಕಿರಲಿಲ್ಲ. 2020ರಲ್ಲಿ ನಾಲ್ಕನೆಯ ತರಗತಿಯಲ್ಲಿದ್ದ ಹುಡುಗಿ ಕಾರ್ಪೊರೇಟರ್ ಎಂಬುವರನ್ನು ನೋಡಿದ ನೆನಪೇ ಇಲ್ಲದೆ ಒಂಬತ್ತಕ್ಕೆ ಬಂದಿದ್ದಾಳೆ. 1993ರ ಜೂನ್ 1ರಿಂದ ಜಾರಿಯಲ್ಲಿರುವ ಸಂವಿಧಾನದ 74ನೆಯ ತಿದ್ದುಪಡಿ, ನಗರಸಭೆಗಳ ಅವಧಿ ಐದು ವರ್ಷ, ಅದು ಮುಗಿಯುವ ಮುನ್ನವೇ ಮುಂದಿನ ಚುನಾವಣೆ ಮುಗಿದಿರಬೇಕು ಎಂದು ಹೇಳುತ್ತದೆ. ಪಠ್ಯಪುಸ್ತಕದಲ್ಲಿ ಈ ಸಾಲನ್ನು ಓದಿ ಅಂಕ ಗಳಿಸುವ ಮಕ್ಕಳು ಕಿಟಕಿಯಿಂದ ಹೊರಗೆ ನೋಡಿದರೆ ಏನು ತಿಳಿದುಕೊಳ್ಳಬೇಕು?

ತಪ್ಪು ಒಂದೇ ಕಡೆಯದಲ್ಲ ಎಂಬುದನ್ನೂ ಹೇಳಬೇಕು. ಬಿಬಿಎಂಪಿಗೆ ನಡೆದದ್ದು ಎರಡೇ ಚುನಾವಣೆ, 2010ರದು ಮತ್ತು 2015ರದು. ಎರಡೂ ಸಲ ಮತದಾನ ನೂರಕ್ಕೆ ಐವತ್ತನ್ನು ದಾಟಲಿಲ್ಲ. ಅಭಿಪ್ರಾಯ ಹೇಳಲು ನೂರಕ್ಕೆ ನೂರು ಜನ ಸಿಗುವ ಊರಿನಲ್ಲಿ ಅದನ್ನು ಮತಗಟ್ಟೆಯವರೆಗೆ ಹೊತ್ತುಕೊಂಡು ಹೋಗಲು ಅರ್ಧ ಜನವೂ ಸಿಗಲಿಲ್ಲ. ಚುನಾವಣೆ ಮುಂದಕ್ಕೆ ಹೋದರೂ ಯಾರೂ ಕೇಳಲಾರರು ಎಂಬ ಧೈರ್ಯ ಎಲ್ಲಿಂದ ಬಂದೀತು ಎಂಬುದಕ್ಕೆ ಬಹುಶಃ ಈ ಅಂಕಿಯೇ ಉತ್ತರ.

ಹೊಸ ವ್ಯವಸ್ಥೆಯಲ್ಲಿ ಮತದಾರನಿಗೆ ಅನುಕೂಲವಾದ ಒಂದು ಅಂಶವಿದೆ. ಬಿಬಿಎಂಪಿ ಪ್ರದೇಶದ ಜನಸಂಖ್ಯೆ 2011ರ ಜನಗಣತಿಯಂತೆ ಸುಮಾರು 84 ಲಕ್ಷ. 198 ವಾರ್ಡುಗಳಿದ್ದಾಗ ವಾರ್ಡೊಂದಕ್ಕೆ ಸರಾಸರಿ 42 ಸಾವಿರಕ್ಕೂ ಹೆಚ್ಚು ಜನ. ಅದೇ ಜನಸಂಖ್ಯೆಯನ್ನು 369 ವಾರ್ಡುಗಳಿಗೆ ಹಂಚಿದರೆ ಸುಮಾರು 23 ಸಾವಿರ. ಜನಗಣತಿಯ ನಂತರ ಊರು ಬಹಳ ಬೆಳೆದಿದೆ, ಆದರೂ ಪ್ರಮಾಣ ಅದೇ. ವಾರ್ಡು ಚಿಕ್ಕದಾದಷ್ಟೂ ಕಾರ್ಪೊರೇಟರು ಹತ್ತಿರವಾಗುತ್ತಾರೆ. ಅವರು ಓಡಾಡುವ ಬೀದಿಗಳು ಕಡಿಮೆ, ಸಿಗುವ ಸಾಧ್ಯತೆ ಹೆಚ್ಚು. ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನವೇ ಹೇಳಿರುವುದರಿಂದ, ಬೀದಿಯ ಮಾತನ್ನು ಬರಹದಲ್ಲಿ ದಾಖಲಿಸುವುದಕ್ಕೂ ಒಂದು ಜಾಗ ಇದೆ.

ಆದ್ದರಿಂದ ತಂದೆತಾಯಿಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಭಾನುವಾರ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ವಾರ್ಡಿನ ಗಡಿಯನ್ನು ಒಮ್ಮೆ ನಡೆದು ಬರಬೇಕು. ಯಾವ ಬೀದಿಯವರೆಗೆ ತಮ್ಮ ವಾರ್ಡು, ಅದು ಯಾವ ಪಾಲಿಕೆ ಎಂದು ನಕ್ಷೆ ಬರೆಸಬೇಕು. ಮುರಿದ ಚಪ್ಪಡಿ, ಉರಿಯದ ದೀಪ, ಕಟ್ಟಿಕೊಂಡ ಚರಂಡಿ ಇವುಗಳನ್ನು ನಕ್ಷೆಯಲ್ಲಿ ಗುರುತಿಸಿ ಪಕ್ಕದಲ್ಲಿ ದಿನಾಂಕ ಹಾಕಬೇಕು. ಪ್ರಯೋಗಶಾಲೆಯಲ್ಲಿ ದಿನಾಂಕವಿಲ್ಲದ ವೀಕ್ಷಣೆಗೆ ಬೆಲೆಯಿಲ್ಲ, ಬೀದಿಯಲ್ಲಿಯೂ ಅಷ್ಟೆ. "ಯಾವಾಗಲೂ ನೀರು ನಿಲ್ಲುತ್ತೆ" ಎಂಬ ದೂರನ್ನು ಯಾರು ಬೇಕಾದರೂ ತಳ್ಳಿಹಾಕಬಹುದು. ಇಂಥ ದಿನ, ಇಷ್ಟು ಗಂಟೆಗೆ, ಶಾಲೆಯ ಗೇಟಿನ ಮುಂದೆ ಮೊಣಕಾಲಿನ ತನಕ ನೀರಿತ್ತು ಎಂದು ಬರೆದಿಟ್ಟದ್ದನ್ನು ತಳ್ಳಿಹಾಕುವುದು ಸುಲಭವಲ್ಲ.

ಕೈಮುಗಿದು ಬಾಗಿಲಿಗೆ ಬರುವ ಅಭ್ಯರ್ಥಿಯ ಮುಂದೆ ಆ ನಕ್ಷೆಯನ್ನು ಹಿಡಿದು ಮಕ್ಕಳಿಂದಲೇ ಮೂರು ಪ್ರಶ್ನೆ ಕೇಳಿಸಬಹುದು. ಇದರಲ್ಲಿ ಪಾಲಿಕೆಯ ಕೆಲಸ ಯಾವುದು, ಬೇರೆಯವರದು ಯಾವುದು ಎಂದು ನಿಮಗೆ ಗೊತ್ತೇ? ಗೆದ್ದರೆ ವಾರದಲ್ಲಿ ಯಾವ ದಿನ, ಎಲ್ಲಿ ಸಿಗುತ್ತೀರಿ? ಮೇಯರ್ ಆಯ್ಕೆಯ ದಿನ ಯಾರಿಗೆ, ಯಾವ ಕಾರಣಕ್ಕೆ ಕೈ ಎತ್ತುತ್ತೀರಿ? ಮೂರನೆಯ ಪ್ರಶ್ನೆಗೆ ಉತ್ತರ ಬಾರದಿರಬಹುದು. ಕೇಳಿದವರಿದ್ದಾರೆ ಎಂಬುದು ಅವರಿಗೆ ಗೊತ್ತಾದರೆ ಅಷ್ಟೇ ಲಾಭ.

ಹುಡುಗಿಯ ಪ್ರಾಜೆಕ್ಟಿಗೆ ಹತ್ತಕ್ಕೆ ಎಂಟು ಅಂಕ ಬಂತು. ಮೇಯರ್ ಎಂಥವರಾಗಿರಬೇಕು ಎಂಬ ಪ್ರಶ್ನೆಗೆ ಒಂದು ತೀರ್ಮಾನ ಬರೆಯಲಿಲ್ಲವೆಂದು ಎರಡು ಅಂಕ ಹೋಯಿತಂತೆ. ಕೊನೆಯ ಪುಟದಲ್ಲಿದ್ದ ಹೂವಿನಜ್ಜಿಯ ಉತ್ತರದ ಕೆಳಗೆ ಮಾತ್ರ ಟೀಚರ್ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದರು.